ಓದದ ಕಾಗದಕ್ಕೆ ಸಹಿ ಮಾಡಬೇಡಿ

(ಬಸವಕಲ್ಯಾಣದಲ್ಲಿ ನಡೆದ ಕನ್ನಡ ಯುವಜನರ ಸಭೆಯಲ್ಲಿ ಕಾರ್ಮಿಕರೊಬ್ಬರು ಆಡಿದ ಮಾತುಗಳ ಬರಹ ರೂಪ)



ಈಗ ತಾನೇ ನನ್ನನ್ನು 'ಕಾರ್ಮಿಕ ಮುಖಂಡರು' ಎಂದು ಪರಿಚಯ ಮಾಡಿಕೊಟ್ಟರು. ಅದು ಅವರ ಪ್ರೀತಿ. ನಾನು ಮುಖಂಡನಲ್ಲ. ಹುಮನಾಬಾದ್ ಕಡೆಯ ಒಂದು ಕಾರ್ಖಾನೆಯಲ್ಲಿ ಏಳು ವರ್ಷ ದುಡಿದು, ಒಂದೇ ಒಂದು ಸಹಿಯಿಂದ ಕೆಟ್ಟವನು. ಆ ಸಹಿಯ ಕಥೆ ಹೇಳಲು ಬಂದಿದ್ದೇನೆ. ಈ ಸಭೆಯಲ್ಲಿ ಹುಮನಾಬಾದಿಗೆ ದಿನಾ ಬಸ್ಸು ಹಿಡಿಯುವವರಿದ್ದೀರಿ. ಪುಣೆ, ಹೈದರಾಬಾದಿನಿಂದ ರಜೆಗೆ ಬಂದವರಿದ್ದೀರಿ. ಬೆಂಗಳೂರಿನ ಪೀಣ್ಯ, ಬೊಮ್ಮಸಂದ್ರದಲ್ಲಿ ದುಡಿಯುವವರೂ ಇದ್ದೀರಿ. ನನಗಾದದ್ದು ನಿಮಗಾಗಬಾರದು. ಅಷ್ಟೇ ನನ್ನ ಆಸೆ.

2020ರ ಜುಲೈ ತಿಂಗಳು. ಲಾಕ್‌ಡೌನ್ ಸಡಿಲಾಗಿತ್ತು, ಆದರೆ ಕಾರ್ಖಾನೆಗೆ ಆರ್ಡರ್ ಇರಲಿಲ್ಲ. ಒಂದು ದಿನ ಪಾಳಿ ಮುಗಿಯುವ ಹೊತ್ತಿಗೆ ಗುತ್ತಿಗೆದಾರನ ಮನುಷ್ಯ ನಮ್ಮನ್ನೆಲ್ಲ ಗೇಟಿನ ಹತ್ತಿರ ನಿಲ್ಲಿಸಿದ. ಮೇಜಿನ ಮೇಲೆ ಕಾಗದದ ಕಟ್ಟು, ಪಕ್ಕದಲ್ಲಿ ಹಣದ ಲಕೋಟೆಗಳು. "ಲೆಕ್ಕ ಚುಕ್ತಾ ಮಾಡ್ಕೊಂಡು ಹೋಗ್ರಿ. ಕೆಲಸ ಬಂದ್ರ ನಾವೇ ಕರೀತೀವಿ" ಅಂದ. ಕಾಗದ ಇಂಗ್ಲಿಷಿನಲ್ಲಿತ್ತು. ನಾನು ಪಿಯುಸಿ ಓದಿದವನು. ಅಕ್ಷರ ಕೂಡಿಸಿ ಓದಬಲ್ಲೆ, ಆದರೆ ಆ ಭಾಷೆಯ ಮರ್ಮ ತಿಳಿಯದು. "ಇದರಾಗ ಏನ್ ಬರದದ ಸಾಹೇಬ್ರ?" ಎಂದು ಕೇಳಿದೆ. "ಏನ್ ಓದ್ತಿಯೋ? ಎಲ್ಲಾರೂ ಮಾಡ್ಯಾರ, ನೀನೂ ಮಾಡು. ಹಿಂದ ಮಂದಿ ನಿಂತದ" ಅಂದ. ಮೂರು ಕಡೆ ಸಹಿ ಮಾಡಿದೆ. ಲಕೋಟೆ ತೆಗೆದುಕೊಂಡು ಮನೆಗೆ ಬಂದೆ.

ಆ ಕಾಗದದಲ್ಲಿ ಏನಿತ್ತು ಗೊತ್ತೇ? "ನಾನು ನನ್ನ ಸ್ವಂತ ಕಾರಣಗಳಿಂದ, ಯಾರ ಒತ್ತಾಯವೂ ಇಲ್ಲದೆ, ಕೆಲಸಕ್ಕೆ ರಾಜೀನಾಮೆ ಕೊಡುತ್ತಿದ್ದೇನೆ" ಎಂದಿತ್ತು. ನನ್ನನ್ನು ತೆಗೆದವರು ಅವರು. ಬಿಟ್ಟೆ ಎಂದು ಬರೆದುಕೊಟ್ಟವನು ನಾನು!

ಆ ಸಹಿಯ ಬೆಲೆ ಎಷ್ಟು?

ಅದೇ ವರ್ಷ ಆಗಸ್ಟ್ 20ರಂದು ಇಎಸ್‌ಐ ನಿಗಮ ಒಂದು ತೀರ್ಮಾನ ಮಾಡಿತು. ಕೆಲಸ ಕಳೆದುಕೊಂಡ ವಿಮಾದಾರ ಕಾರ್ಮಿಕನಿಗೆ ಮೂರು ತಿಂಗಳವರೆಗೆ, ಅಂದರೆ ಹೆಚ್ಚೆಂದರೆ 90 ದಿನ, ಸರಾಸರಿ ದಿನಗೂಲಿಯ ಶೇ. 50ರಷ್ಟು ಹಣ ಕೊಡುವುದು ಎಂದು. ಯೋಜನೆಯ ಹೆಸರು 'ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ'. 2018ರ ಜುಲೈ 1ರಿಂದಲೇ ಅದು ಜಾರಿಯಲ್ಲಿತ್ತು, ಆಗ ಶೇ. 25 ಮಾತ್ರ ಕೊಡುತ್ತಿದ್ದರು. ಕೊರೊನಾ ಕಾಲದಲ್ಲಿ, 2020ರ ಮಾರ್ಚ್ 24ರಿಂದ ಕೆಲಸ ಕಳೆದುಕೊಂಡವರಿಗೆ ಅನ್ವಯವಾಗುವಂತೆ, ಅದನ್ನು ದುಪ್ಪಟ್ಟು ಮಾಡಿದರು.

ನನ್ನ ಪಗಾರ ಆಗ ತಿಂಗಳಿಗೆ 12,000 ರೂಪಾಯಿ. ಲೆಕ್ಕ ಹೀಗೆ: ಹಿಂದಿನ ನಾಲ್ಕು ವಂತಿಗೆ ಅವಧಿಯ, ಅಂದರೆ ಎರಡು ವರ್ಷದ, ಗಳಿಕೆಯನ್ನು ಕೂಡಿಸಿ 730ರಿಂದ ಭಾಗಿಸಬೇಕು. ನನ್ನ ಎರಡು ವರ್ಷದ ಗಳಿಕೆ 2,88,000. ಭಾಗಿಸಿದರೆ ದಿನಕ್ಕೆ ಸುಮಾರು 394 ರೂಪಾಯಿ 50 ಪೈಸೆ. ಅದರ ಅರ್ಧ 197ರ ಮೇಲೆ ಚಿಲ್ಲರೆ. ತೊಂಬತ್ತು ದಿನಕ್ಕೆ ಸುಮಾರು 17,750 ರೂಪಾಯಿ.

ಗೆಳೆಯರೇ, ಹದಿನೇಳು ಸಾವಿರ ಇಂದಿನ ಕಾಲಕ್ಕೆ ದೊಡ್ಡ ಮೊತ್ತವಲ್ಲ ಎನ್ನಬಹುದು. ಆದರೆ ಆ ಆಗಸ್ಟಿನಲ್ಲಿ ನಾನು ಅವ್ವನ ಬೋರಮಾಳ ಸರ ಒತ್ತೆ ಇಟ್ಟು ಮನೆ ನಡೆಸಿದೆ. ಅದು ಇನ್ನೂ ಬಿಡಿಸಿಕೊಂಡಿಲ್ಲ ಎಂದರೆ ನಂಬುತ್ತೀರಾ? ಬಡ್ಡಿ ತುಂಬುತ್ತಾ ತುಂಬುತ್ತಾ ಸರವೇ ಹೋಯಿತು. ಅವ್ವ ಒಂದು ದಿನವೂ ಕೇಳಲಿಲ್ಲ. ಹಬ್ಬದ ದಿನ ಕೊರಳು ಮುಟ್ಟಿಕೊಳ್ಳುತ್ತಾಳೆ, ಅಷ್ಟೇ.

ಯೋಜನೆಯ ಸುದ್ದಿ ನನಗೆ ತಿಳಿದದ್ದು ದೀಪಾವಳಿ ಹೊತ್ತಿಗೆ. ಅರ್ಜಿ ಹಿಡಿದು ಹೋದೆ. ಕಂಪ್ಯೂಟರಿನಲ್ಲಿ ನನ್ನ ಹೆಸರಿನ ಮುಂದೆ 'ಕೆಲಸ ಬಿಟ್ಟಿದ್ದಾರೆ' ಎಂದು ದಾಖಲಾಗಿತ್ತು. ನನ್ನ ರಾಜೀನಾಮೆಯ ನಕಲೂ ಇತ್ತು. ತಾನಾಗಿ ಕೆಲಸ ಬಿಟ್ಟವನಿಗೆ ಈ ಹಣ ಇಲ್ಲ. ಕೌಂಟರಿನಲ್ಲಿದ್ದವರು ಒಳ್ಳೆಯವರೇ. "ನೀವು ಸಹಿ ಮಾಡಿದ್ದೀರಲ್ಲ, ನಾವೇನು ಮಾಡುವುದು?" ಎಂದರು. ಉತ್ತರ ನನ್ನಲ್ಲಿರಲಿಲ್ಲ.

ಇದು ಭಿಕ್ಷೆಯಲ್ಲ

ನಿರುದ್ಯೋಗ ವಿಮೆ ಎಂದರೆ ಕೆಲವರು ಮೂಗು ಮುರಿಯುತ್ತಾರೆ. "ಕೂತು ತಿನ್ನುವವರಿಗೆ ಸರ್ಕಾರದ ಹಣ" ಎನ್ನುತ್ತಾರೆ. ತಪ್ಪು. ನಮ್ಮ ಪಗಾರದಿಂದ ಪ್ರತಿ ತಿಂಗಳೂ ಇಎಸ್‌ಐ ವಂತಿಗೆ ಮುರಿಯುತ್ತಾರೆ. 2019ರ ಜುಲೈ 1ರಿಂದ ಕಾರ್ಮಿಕನ ಪಾಲು ಶೇ. 0.75, ಮಾಲೀಕನ ಪಾಲು ಶೇ. 3.25. ಹನ್ನೆರಡು ಸಾವಿರ ಪಗಾರದವನಿಂದ 90 ರೂಪಾಯಿ, ಅವನ ಹೆಸರಿನಲ್ಲಿ ಮಾಲೀಕ ತುಂಬುವುದು 390 ರೂಪಾಯಿ. ನಮ್ಮ ದುಡಿಮೆಯ ಹಣ ಅದು. ಆ ಕಾರ್ಡನ್ನು ನಾವು 'ದವಾಖಾನಿ ಕಾರ್ಡು' ಎಂದುಕೊಂಡು ಟ್ರಂಕಿನ ತಳದಲ್ಲಿ ಹಾಕಿದ್ದೇವೆ. ಜಡ್ಡು ಬಂದರೆ ಕಲಬುರಗಿಯ ಇಎಸ್‌ಐ ದೊಡ್ಡ ಆಸ್ಪತ್ರೆಗೆ ಹೋಗಲು ಅದು ಬೇಕು, ನಿಜ. ಆದರೆ ಕೆಲಸ ಹೋದಾಗಲೂ ಅದೇ ಕಾರ್ಡು ಬೇಕು.

ಈ ಊರಿನ ನೆಲದಲ್ಲಿ ನಿಂತು ಕಾಯಕದ ಮಾತು ಆಡದಿದ್ದರೆ ಹೇಗೆ? ಆಯ್ದಕ್ಕಿ ಮಾರಯ್ಯನ ಕಥೆ ನಿಮಗೆಲ್ಲ ಗೊತ್ತು. ಅಂಗಳದಲ್ಲಿ ಬಿದ್ದ ಅಕ್ಕಿ ಆಯುವುದು ಅವನ ಕಾಯಕ. ಒಂದು ದಿನ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಒಪ್ಪಲಿಲ್ಲ. ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ವಾಪಸ್ ಕಳಿಸಿದಳು. ನಮ್ಮದಲ್ಲದ ಒಂದು ಕಾಳೂ ನಮಗೆ ಬೇಡ. ಆದರೆ ಗೆಳೆಯರೇ, ನಮ್ಮ ಪಾಲಿನ ಕಾಳನ್ನು ಅಂಗಳದಲ್ಲೇ ಬಿಟ್ಟು ಬಾ ಎಂದು ಲಕ್ಕಮ್ಮ ಹೇಳಲಿಲ್ಲ!

ಇಂಗ್ಲೆಂಡಿನಲ್ಲಿ ನಿರುದ್ಯೋಗ ವಿಮೆಯ ಕಾನೂನು ಬಂದದ್ದು 1911ರಲ್ಲಿ. ಹಡಗು ಕಟ್ಟುವವರು, ಮನೆ ಕಟ್ಟುವವರು, ಯಂತ್ರ ಮಾಡುವವರಿಗೆ ಮೊದಲು ಕೊಟ್ಟರು. ನಮ್ಮ ದೇಶದಲ್ಲಿ ಇಎಸ್‌ಐ ಕಾಯ್ದೆ ಆದದ್ದು 1948ರ ಏಪ್ರಿಲ್‌ನಲ್ಲಿ. ಆ ಏಪ್ರಿಲ್‌ನಲ್ಲಿ ನಮ್ಮ ಬೀದರ್ ಸೀಮೆ ಇನ್ನೂ ನಿಜಾಮನ ಕೈಯಲ್ಲಿತ್ತು, ರಜಾಕಾರರ ಹಾವಳಿಯಲ್ಲಿ ಬೇಯುತ್ತಿತ್ತು. ಸೆಪ್ಟೆಂಬರ್ 17ಕ್ಕೆ ನಮಗೆ ಬಿಡುಗಡೆ. 1956ರ ನವೆಂಬರ್ 1ಕ್ಕೆ ಕನ್ನಡ ನಾಡಿನ ಜತೆ ಸೇರಿದೆವು. ಹಾಗಿದ್ದರೂ ಆ ಕಾಯ್ದೆಯಲ್ಲಿ ಜಡ್ಡಿಗೆ, ಹೆರಿಗೆಗೆ, ಗಾಯಕ್ಕೆ ಪರಿಹಾರ ಇತ್ತೇ ಹೊರತು ಕೆಲಸ ಹೋದದ್ದಕ್ಕೆ ಇರಲಿಲ್ಲ. ಅದು ಬರಲು 57 ವರ್ಷ ಬೇಕಾಯಿತು. 2005ರ ಏಪ್ರಿಲ್ 1ರಂದು 'ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ' ಬಂತು. ಕಾರ್ಖಾನೆ ಮುಚ್ಚಿದರೆ, ಆಳು ಕಡಿತವಾದರೆ, ಕೆಲಸದ ಹೊರಗಿನ ಗಾಯದಿಂದ ಶೇ. 40ಕ್ಕೆ ಕಡಿಮೆಯಿಲ್ಲದ ಶಾಶ್ವತ ಅಂಗವೈಕಲ್ಯವಾದರೆ ಭತ್ಯೆ ಕೊಡುವ ಯೋಜನೆ ಅದು. ಆಮೇಲೆ 2018ರಲ್ಲಿ ಬಂದದ್ದು ನಾನು ಹೇಳಿದ ಅಟಲ್ ಯೋಜನೆ. ಇಷ್ಟು ತಡವಾಗಿ ಬಂದದ್ದನ್ನು ಒಂದು ಸಹಿಯಲ್ಲಿ ಕಳೆದುಕೊಳ್ಳುವುದೇ?

ಯಾರಿಗೆ ಸಿಗುತ್ತದೆ, ಯಾರಿಗೆ ಇಲ್ಲ

ಈಗ ಗಮನ ಕೊಟ್ಟು ಕೇಳಿ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಾರ್ಖಾನೆಯಲ್ಲಿ, ತಿಂಗಳಿಗೆ 21,000 ರೂಪಾಯಿವರೆಗೆ ಪಗಾರ ಇರುವವರು ಇಎಸ್‌ಐಗೆ ಬರುತ್ತಾರೆ. 2017ರ ಜನವರಿ 1ರಿಂದ ಈ ಮಿತಿ ಬಂತು. ಗುತ್ತಿಗೆ ಕಾರ್ಮಿಕನೂ ಬರುತ್ತಾನೆ. "ನೀನು ಕಂಪನಿ ಆಳಲ್ಲ, ಕಾಂಟ್ರಾಕ್ಟರ್ ಆಳು, ನಿನಗೆ ಇಲ್ಲ" ಎಂದರೆ ನಂಬಬೇಡಿ.

ಅಟಲ್ ಯೋಜನೆಗೆ ಎರಡು ವರ್ಷದ ವಿಮೆಯ ನೌಕರಿ ಆಗಿರಬೇಕು. ವಂತಿಗೆ ಅವಧಿ ಎಂದರೆ ಆರು ತಿಂಗಳು. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು. ಕೆಲಸ ಹೋಗುವುದಕ್ಕೆ ಮುಂಚಿನ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ, ಅದಕ್ಕೂ ಹಿಂದಿನ ಮೂರು ಅವಧಿಗಳಲ್ಲಿ ಯಾವುದಾದರೂ ಒಂದರಲ್ಲಿ ಇನ್ನೊಂದು 78 ದಿನದ ವಂತಿಗೆ ಜಮಾ ಆಗಿರಬೇಕು. ಈ ಸಡಿಲಿಕೆ 2020ರಲ್ಲಿ ಕೊಟ್ಟದ್ದು.

ಯಾರಿಗೆ ಇಲ್ಲ? ತಾನಾಗಿ ಬಿಟ್ಟವನಿಗೆ ಇಲ್ಲ. ದುರ್ನಡತೆಗೆ ಶಿಕ್ಷೆಯಾಗಿ ತೆಗೆದುಹಾಕಿದವನಿಗೆ ಇಲ್ಲ. ವಯಸ್ಸಾಗಿ ನಿವೃತ್ತನಾದವನಿಗೆ, ಸ್ವಯಂ ನಿವೃತ್ತಿ ಪಡೆದವನಿಗೆ ಇಲ್ಲ. ಬೀಗಮುದ್ರೆ ಕಾಲದಲ್ಲಿ, ಕಾನೂನುಬಾಹಿರ ಎಂದು ಘೋಷಿಸಿದ ಮುಷ್ಕರದ ಕಾಲದಲ್ಲಿ ಇಲ್ಲ. ಹಣ ಪಡೆಯುವ ದಿನಗಳಲ್ಲಿ ಬೇರೆ ಕಡೆ ಕೆಲಸ ಸಿಕ್ಕರೆ ಅಲ್ಲಿಗೆ ನಿಲ್ಲುತ್ತದೆ. ಸುಳ್ಳು ಹೇಳಿ ಪಡೆದರೆ ಶಿಕ್ಷೆ ಇದೆ. ಜೀವಮಾನದಲ್ಲಿ ಒಂದೇ ಸಲ ಸಿಗುವ ಸೌಲಭ್ಯ ಇದು, ಅದನ್ನೂ ನೆನಪಿಡಿ.

ಇನ್ನೊಂದು ಮಾತು. ಇದು ಮುದ್ದತ್ತು ಹಾಕಿ ತಂದ ಯೋಜನೆ. ಮತ್ತೆ ಮತ್ತೆ ಮುಂದುವರಿಸುತ್ತಾ ಬಂದಿದ್ದಾರೆ. ಆದ್ದರಿಂದ ಅರ್ಜಿ ಹಾಕುವ ದಿನ ಅದು ಜಾರಿಯಲ್ಲಿದೆಯೇ, ಎಷ್ಟು ಶೇಕಡಾ ಕೊಡುತ್ತಿದ್ದಾರೆ ಎಂದು ಶಾಖಾ ಕಚೇರಿಯಲ್ಲಿ ಮೊದಲು ಕೇಳಿ. ಕಾರ್ಖಾನೆಯೇ ಮುಚ್ಚಿದ್ದರೆ 2005ರ ಯೋಜನೆಯ ಬಗ್ಗೆಯೂ ಕೇಳಿ. ಕೇಳುವುದಕ್ಕೆ ನಾಚಿಕೆ ಬೇಡ.

ಕೆಲಸ ಇರುವಾಗಲೇ ಮಾಡಬೇಕಾದದ್ದು

ನೀರು ಬತ್ತಿದ ಮೇಲೆ ಬಾವಿ ತೋಡಿದರೆ ಪ್ರಯೋಜನವಿಲ್ಲ. ಕೆಲಸ ಹೋದ ಮೇಲೆ ಕಾಗದ ಹುಡುಕಿದರೆ ಸಿಗುವುದಿಲ್ಲ.

ಒಂದು. ನಿಮ್ಮ ವಿಮಾ ನಂಬರು ಹತ್ತು ಅಂಕಿಯದು. ಅದು ನಿಮ್ಮ ಜೀವಮಾನದ ನಂಬರು. ಗುತ್ತಿಗೆದಾರ ಬದಲಾದಾಗಲೆಲ್ಲ ಹೊಸ ನಂಬರು ಮಾಡಿಸುತ್ತಾರೆ. ಆಗ ನಿಮ್ಮ ಎರಡು ವರ್ಷ ಮೂರು ತುಂಡಾಗುತ್ತದೆ, ಯಾವ ತುಂಡಿಗೂ ಅರ್ಹತೆ ಇಲ್ಲ! ಹಳೆಯ ನಂಬರನ್ನೇ ಕೊಟ್ಟು, ಅದರಲ್ಲೇ ಮುಂದುವರಿಸಿ ಎಂದು ಹೇಳಿ.

ಎರಡು. ಪಗಾರದ ಚೀಟಿಯಲ್ಲಿ ಮುರಿದ ಹಣ ನಿಮ್ಮ ಖಾತೆಗೆ ಜಮಾ ಆಗಿದೆಯೇ ಎಂದು ಆರು ತಿಂಗಳಿಗೊಮ್ಮೆ ನೋಡಿಕೊಳ್ಳಿ. ನಿಗಮದ ವೆಬ್‌ಸೈಟಿನಲ್ಲಿ ನಂಬರು ಹಾಕಿ ನೋಡಬಹುದು. ಮುರಿದು ತುಂಬದಿದ್ದರೆ ಅಂದೇ ದೂರು ಬರೆಯಿರಿ.

ಮೂರು. ಹೆಸರು. ಇದು ನಮ್ಮ ಭಾಷೆಯ ಸಂಕಟ. ಕನ್ನಡದಲ್ಲಿ ಬಸವರಾಜ ಎಂದು ಬರೆದರೆ ಒಂದೇ ಹೆಸರು. ಅದನ್ನೇ ಇಂಗ್ಲಿಷಿಗೆ ಇಳಿಸಿದರೆ ಆಧಾರ್‌ನಲ್ಲಿ ಬಸವರಾಜ, ಇಎಸ್‌ಐನಲ್ಲಿ ಬಸ್ವರಾಜ, ಬ್ಯಾಂಕಿನಲ್ಲಿ ಬಸವರಾಜ್! ಯಂತ್ರದ ಕಣ್ಣಿಗೆ ಮೂವರು ಬೇರೆ ಬೇರೆ ಮನುಷ್ಯರು. ಮೂರೂ ಒಂದೇ ಅಕ್ಷರಗಳಲ್ಲಿ ಇರುವಂತೆ ಈಗಲೇ ತಿದ್ದಿಸಿ. ಆಧಾರ್ ಮತ್ತು ಬ್ಯಾಂಕ್ ಖಾತೆ ವಿಮಾ ದಾಖಲೆಗೆ ಜೋಡಣೆಯಾಗಿರಬೇಕು.

ನಾಲ್ಕು. ಕೆಲಸ ಹೋಗಿ 30 ದಿನ ಕಳೆದ ಮೇಲೆ ಅರ್ಜಿ ಹಾಕಬಹುದು. ಮೊದಲು 90 ದಿನ ಕಾಯಬೇಕಿತ್ತು. ಮಾಲೀಕನ ಮೂಲಕವೇ ಅರ್ಜಿ ಬರಬೇಕೆಂಬ ನಿಯಮವನ್ನೂ 2020ರಲ್ಲಿ ತೆಗೆದರು. ಅರ್ಜಿಯನ್ನು ನೇರ ಕಂಪ್ಯೂಟರಿನಲ್ಲಿ ಹಾಕಬಹುದು, ಶಾಖಾ ಕಚೇರಿಗೂ ಕೊಡಬಹುದು. ಆಧಾರ್ ನಕಲು, ಬ್ಯಾಂಕ್ ಪಾಸ್‌ಬುಕ್ ನಕಲು ಜತೆಗಿರಲಿ. ಏನೇ ಕೊಟ್ಟರೂ ಸ್ವೀಕೃತಿ ಪಡೆಯದೆ ಹೊರಗೆ ಬರಬೇಡಿ.

ಐದನೆಯದು, ಎಲ್ಲಕ್ಕೂ ಮುಖ್ಯವಾದದ್ದು: ಓದದ ಕಾಗದಕ್ಕೆ ಸಹಿ ಮಾಡಬೇಡಿ.

ಒಂದು ಕನ್ನಡ ವಾಕ್ಯದ ಶಕ್ತಿ

ನನ್ನ ಕಥೆ ಹೇಳಿದೆ. ಈಗ ಇನ್ನೊಂದು ಕಥೆ ಕೇಳಿ. ನಮ್ಮ ಓಣಿಯ ಒಬ್ಬ ಹುಡುಗ ಹುಮನಾಬಾದಿಗೆ ದಿನಾ ಕೆಲಸಕ್ಕೆ ಹೋಗುತ್ತಿದ್ದ. 2022ರಲ್ಲಿ ಒಂದು ಸಂಜೆ ಗೇಟಿನಿಂದಲೇ ನನಗೆ ಫೋನು ಮಾಡಿದ.

"ಕಾಕಾ, ನಾಳಿಂದ ಬರಬ್ಯಾಡ ಅಂದಾರ. ಒಂದ್ ಕಾಗದಕ್ಕ ಸಹಿ ಮಾಡು ಅಂತಾರ."

"ಏನ್ ಬರದದ ಓದಪ್ಪ."

"ಇಂಗ್ಲಿಷ್‌ದಾಗ ಅದ ಕಾಕಾ."

"ಫೋಟೋ ಹೊಡದು ಕಳಸು. ಪೆನ್ನು ಮುಟ್ಟಬ್ಯಾಡ."

ನೋಡಿದರೆ ಅದೇ ರಾಜೀನಾಮೆ! ನನಗೆ ಎರಡು ವರ್ಷದ ಹಿಂದಿನ ಆ ಮೇಜು, ಆ ಲಕೋಟೆ ಕಣ್ಣ ಮುಂದೆ ಬಂತು. ಹುಡುಗನಿಗೆ ಹೇಳಿದೆ: "ಆ ಕಾಗದ ವಾಪಸ್ ಕೊಡು. ಬಿಳಿ ಹಾಳೆ ತಗೊ. ಕನ್ನಡದಾಗ ಬರಿ." ಅವನು ಹೀಗೆ ಬರೆದ: "ಕೆಲಸ ಇಲ್ಲವೆಂದು ಇಂದಿನಿಂದ ನನ್ನನ್ನು ನಿಲ್ಲಿಸಲಾಗಿದೆ. ನಾನಾಗಿ ಕೆಲಸ ಬಿಟ್ಟಿಲ್ಲ. ಬಾಕಿ ಪಗಾರ ಪಡೆದಿದ್ದೇನೆ." ಕೆಳಗೆ ತಾರೀಖು, ಸಹಿ. ಫೋಟೋ ತೆಗೆದಿಟ್ಟುಕೊಂಡ. ಆ ಮನುಷ್ಯ ಗೊಣಗಿದ, ರೇಗಿದ. "ಹಣ ಕೊಡುವುದಿಲ್ಲ" ಎಂದೂ ಹೆದರಿಸಿದ. ಹುಡುಗ ಕದಲಲಿಲ್ಲ. ಕೊನೆಗೆ ಲಕೋಟೆ ಕೊಟ್ಟು ಕಳಿಸಿದರು. ದುಡಿದ ಪಗಾರ ಕೊಡುವುದಕ್ಕೆ ರಾಜೀನಾಮೆ ಕೇಳುವ ಹಕ್ಕು ಯಾರಿಗೂ ಇಲ್ಲ.

ಒಂದು ತಿಂಗಳು ಕಳೆದ ಮೇಲೆ ಇಬ್ಬರೂ ಕೂತು ಅರ್ಜಿ ತುಂಬಿದೆವು. ಹೆಸರಿನ ಒಂದಕ್ಷರ ತಪ್ಪಿತ್ತು, ತಿದ್ದಿಸಲು ಎರಡು ಸಲ ಓಡಾಡಿದೆವು. ಕೆಲವು ವಾರದಲ್ಲಿ ಹಣ ಅವನ ಖಾತೆಗೆ ಬಂತು. ಆ ದಿನ ಅವನು ಪೇಡೆ ತಂದು ಮೊದಲು ಕೊಟ್ಟದ್ದು ನಮ್ಮ ಅವ್ವನ ಕೈಗೆ. ಅವಳಿಗೆ ಯಾಕೆಂದು ತಿಳಿಯಲಿಲ್ಲ. ನನಗೆ ತಿಳಿಯಿತು.

ನಮ್ಮಿಬ್ಬರ ನಡುವೆ ವ್ಯತ್ಯಾಸ ಏನು? ಅವನು ನನಗಿಂತ ಹೆಚ್ಚು ಓದಿದವನಲ್ಲ. ಅವನ ಕೈಯಲ್ಲಿ ಒಂದು ಕನ್ನಡ ವಾಕ್ಯ ಇತ್ತು. ನನ್ನ ಕೈಯಲ್ಲಿ ಇರಲಿಲ್ಲ.

ನಮ್ಮ ಭಾಷೆಯಲ್ಲಿ ಕೇಳುವ ಹಕ್ಕು

ನಮ್ಮ ಅಜ್ಜಂದಿರ ಕಾಲಕ್ಕೆ ಈ ಸೀಮೆಯಲ್ಲಿ ಕಚೇರಿಯ ಕಾಗದ ಉರ್ದುವಿನಲ್ಲಿತ್ತು. ಓದಲು ಬಾರದವನು ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡ. ಈಗ ಕಾಗದ ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಬರುತ್ತದೆ. ಮೊಮ್ಮಗ ಸಹಿ ಮಾಡಿ ಪಗಾರ ಕಳೆದುಕೊಳ್ಳುತ್ತಾನೆ. ಹೆಬ್ಬೆಟ್ಟು ಹೋಗಿ ಸಹಿ ಬಂತು, ಅಷ್ಟೇ ನಮ್ಮ ಪ್ರಗತಿ! ಇಲ್ಲಿ ಯಾರ ಮನೆಮಾತಿನ ಮೇಲೂ ನನಗೆ ದ್ವೇಷವಿಲ್ಲ. ಬಸವಕಲ್ಯಾಣದ ಓಣಿಯಲ್ಲಿ ಕನ್ನಡ, ಉರ್ದು, ಮರಾಠಿ ಮೂರೂ ಒಂದೇ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತವೆ. ಗೇಟಿನ ಮುಂದೆ ಆ ಇಂಗ್ಲಿಷ್ ಕಾಗದ ಹಿಡಿದು ನಿಂತಾಗ ಮೂವರೂ ಒಂದೇ ರೀತಿ ಮೂಕರು. ಅವರೆಲ್ಲರಿಗೂ ಅರ್ಥವಾಗುವ ಈ ನಾಡಿನ ಭಾಷೆ ಕನ್ನಡ. ಕಾಗದ ಕನ್ನಡದಲ್ಲಿದ್ದರೆ ಮೂವರೂ ಉಳಿಯುತ್ತಾರೆ.

ಸಂವಿಧಾನದ 41ನೆಯ ವಿಧಿ ನಿರುದ್ಯೋಗದ ಕಾಲದಲ್ಲಿ ಸಾರ್ವಜನಿಕ ನೆರವು ಒದಗಿಸಬೇಕೆಂದು ಸರ್ಕಾರಕ್ಕೆ ದಾರಿ ತೋರಿಸುತ್ತದೆ. 350ನೆಯ ವಿಧಿ ಇನ್ನೂ ಮುಂದೆ ಹೋಗುತ್ತದೆ. ಕುಂದುಕೊರತೆ ನಿವಾರಣೆಗಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಮನವಿ ಕೊಡುವ ಹಕ್ಕು ಪ್ರತಿಯೊಬ್ಬನಿಗೂ ಇದೆ ಎನ್ನುತ್ತದೆ. ಇಎಸ್‌ಐ ಕೇಂದ್ರದ ಸಂಸ್ಥೆ, ಆದ್ದರಿಂದ ಕನ್ನಡ ನಡೆಯುವುದಿಲ್ಲ ಎಂದು ಯಾರಾದರೂ ಅಂದರೆ ಈ ವಿಧಿಯ ನಂಬರು ಹೇಳಿ: ಮೂನ್ನೂರ ಐವತ್ತು! ನಿಮ್ಮ ದೂರನ್ನು ಕನ್ನಡದಲ್ಲಿ ಬರೆಯಿರಿ. ಉತ್ತರ ಯಾವ ಭಾಷೆಯಲ್ಲಿ ಬರಬೇಕೆಂದು ಆ ವಿಧಿ ಹೇಳುವುದಿಲ್ಲ. ಅಲ್ಲೇ ನಮ್ಮ ಹೋರಾಟಕ್ಕೆ ಕೆಲಸ ಇರುವುದು. ದೂರಿನ ಒಂದು ಪ್ರತಿಯನ್ನು ಕನ್ನಡ ಅಭಿವೃದ್ಧಿ ಪ್ರಾಧಿಕಾರಕ್ಕೂ ಕಳಿಸಿ.

ಕನ್ನಡದಲ್ಲಿ ಆಗುವುದಿಲ್ಲ ಎನ್ನುವವರಿಗೆ ನಮ್ಮ ರಾಜ್ಯದ ಯುವನಿಧಿಯನ್ನೇ ತೋರಿಸಿ. ಅದರ ಅರ್ಜಿ ಸೇವಾಸಿಂಧುವಿನಲ್ಲಿ ಕನ್ನಡದಲ್ಲೇ ಇದೆ. ಈ ಸಭೆಯಲ್ಲಿ ಪದವೀಧರರೂ ಇರುವುದರಿಂದ ಅದರ ಬಗ್ಗೆ ಎರಡು ಮಾತು. ಯುವನಿಧಿ ವಿಮೆಯಲ್ಲ, ಭತ್ಯೆ. ವಿಮೆ ಕೆಲಸ ಹೋದವನಿಗೆ, ಯುವನಿಧಿ ಇನ್ನೂ ಕೆಲಸ ಸಿಗದವನಿಗೆ. 2023ರ ಡಿಸೆಂಬರ್ 26ರಂದು ನೋಂದಣಿ ಶುರುವಾಯಿತು. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಮೊದಲ ಹಣ ಕೊಟ್ಟರು. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. 2022-23ರಲ್ಲಿ ತೇರ್ಗಡೆಯಾದವರಿಂದ ಶುರು ಮಾಡಿ ನಂತರದವರಿಗೂ ವಿಸ್ತರಿಸಿದರು. ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸ ಸಿಕ್ಕಿರಬಾರದು, ಮುಂದಿನ ಓದಿಗೆ ಸೇರಿರಬಾರದು. ಹಣ ಬರತೊಡಗಿದ ಮೇಲೂ "ನನಗಿನ್ನೂ ಕೆಲಸ ಸಿಕ್ಕಿಲ್ಲ" ಎಂಬ ಸ್ವಯಂ ಘೋಷಣೆಯನ್ನು ಹೇಳಿದ ಹೊತ್ತಿಗೆ ಸಲ್ಲಿಸುತ್ತಿರಬೇಕು. ಅದನ್ನು ಮರೆತರೆ ಹಣ ನಿಲ್ಲುತ್ತದೆ. ಕೆಲಸ ಸಿಕ್ಕ ದಿನ ನೀವೇ ತಿಳಿಸಬೇಕು. ಲಕ್ಕಮ್ಮನ ಮಾತು ಅಲ್ಲೂ ಅನ್ವಯಿಸುತ್ತದೆ.

ನಮ್ಮ ಮೇಲಿನ ದೂರು

ಕೊನೆಯದಾಗಿ ಒಂದು ಕಹಿ ಮಾತು. ನಿಮ್ಮವನೇ ಎಂದು ಹೇಳುತ್ತಿದ್ದೇನೆ, ಬೇಸರ ಬೇಡ. ನಾವು ಕನ್ನಡ ಸಂಘಟನೆಯವರು ಸರೋಜಿನಿ ಮಹಿಷಿ ವರದಿ ಜಾರಿಯಾಗಲಿ ಎಂದು ಕೂಗುತ್ತಾ ಬಂದಿದ್ದೇವೆ. ಆ ಸಮಿತಿ ರಚನೆಯಾದದ್ದು 1983ರಲ್ಲಿ. ನಾಲ್ಕು ದಶಕದ ಕೂಗು. ಕನ್ನಡಿಗನಿಗೆ ಕೆಲಸ ಕೊಡಿ ಎನ್ನುತ್ತೇವೆ, ಸರಿಯಾಗಿಯೇ ಎನ್ನುತ್ತೇವೆ. 371 ಜೆ ಬಂದ ಮೇಲೆ ಕಲ್ಯಾಣ ಕರ್ನಾಟಕದ ನಮಗೆ ಸರ್ಕಾರಿ ನೌಕರಿಯಲ್ಲಿ, ಓದಿನಲ್ಲಿ ಪಾಲು ಸಿಕ್ಕಿತು. ಆದರೆ ಸಿಕ್ಕ ಕೆಲಸ ಹೋದ ದಿನ ಕನ್ನಡಿಗನ ಪಕ್ಕ ಯಾರು ನಿಂತಿದ್ದಾರೆ? 2020ರ ಜುಲೈನಲ್ಲಿ ಆ ಗೇಟಿನ ಮುಂದೆ ಕನ್ನಡ ಬಾವುಟ ಹಿಡಿದವರು ಒಬ್ಬರೂ ಇರಲಿಲ್ಲ. ಒಂದು ಕಾಗದ ಓದಿ ಹೇಳುವವನು ಇದ್ದಿದ್ದರೆ ಸಾಕಿತ್ತು. ನವೆಂಬರ್ 1ಕ್ಕೆ ಬಾವುಟ ಹಿಡಿಯುವ ಕೈ ಉಳಿದ ದಿನ ಅರ್ಜಿಯನ್ನೂ ಬರೆಯಬೇಕು!

ಆದ್ದರಿಂದ ನನ್ನ ಬೇಡಿಕೆ ಮೊದಲು ನಿಮಗೆ. ಬಸವಕಲ್ಯಾಣದ ಬಸ್ ನಿಲ್ದಾಣದ ಹತ್ತಿರ, ಹುಮನಾಬಾದಿನಲ್ಲಿ ಕೈಗಾರಿಕಾ ಪ್ರದೇಶದ ದಾರಿಯಲ್ಲಿ, ಪ್ರತಿ ಭಾನುವಾರ ಇಬ್ಬರು ಹುಡುಗರು ಒಂದು ಮೇಜು ಹಾಕಿ ಕೂಡಿ. ಇಂಗ್ಲಿಷ್ ಬಲ್ಲವರು ಕಾಗದ ಓದಿ ಹೇಳಿ. ಕಂಪ್ಯೂಟರ್ ಬಲ್ಲವರು ವಂತಿಗೆ ಜಮಾ ನೋಡಿಕೊಡಿ. ಬೆಂಗಳೂರಿನ ಗೆಳೆಯರು ಪೀಣ್ಯದಲ್ಲಿ ಇದನ್ನೇ ಮಾಡಿ. ಚಂದಾ ಬೇಡ, ಪೆಂಡಾಲು ಬೇಡ, ಹಾರ ತುರಾಯಿ ಬೇಡ. ಒಂದು ಮೇಜು, ಎರಡು ಕುರ್ಚಿ, ಒಂದು ಪೆನ್ನು ಸಾಕು.

ಆಮೇಲೆ ಸರ್ಕಾರಕ್ಕೆ. ಕೆಲಸದಿಂದ ಬಿಡಿಸುವ ಪ್ರತಿ ಕಾಗದವೂ ಕನ್ನಡದಲ್ಲಿರಬೇಕು. ದಾಖಲೆಯಲ್ಲಿ ಏನು ಕಾರಣ ಬರೆದಿದ್ದಾರೆಂದು ಕಾರ್ಮಿಕನಿಗೆ ಕನ್ನಡದಲ್ಲಿ ತಿಳಿಸಬೇಕು. ನಿರುದ್ಯೋಗ ವಿಮೆಯ ಅರ್ಜಿ ಕನ್ನಡದಲ್ಲಿ ಸಿಗಬೇಕು. ಮತ್ತು ಈ ವಿಮೆಯ ನೆರಳೇ ಬೀಳದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಲಾರಿ ಕ್ಲೀನರು, ಸಣ್ಣ ಗ್ಯಾರೇಜಿನ ಹುಡುಗ, ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಅಕ್ಕ, ಹತ್ತು ಜನ ಇಲ್ಲದ ಕಡೆ ದುಡಿಯುವವರು. ಅವರ ಕೆಲಸ ಹೋದರೆ ಅರ್ಜಿ ಹಾಕಲು ಫಾರಂ ಕೂಡ ಇಲ್ಲ. ಅವರನ್ನು ಒಳಗೆ ತರುವ ಹೋರಾಟ ದೊಡ್ಡದು, ಅದೂ ನಮ್ಮದೇ.

ನನ್ನ ಆ ಹಣ ನನಗೆ ಬರಲಿಲ್ಲ, ಇನ್ನು ಬರುವುದೂ ಇಲ್ಲ. ಅವ್ವನ ಸರವೂ ಬರುವುದಿಲ್ಲ. ಆದರೆ ನಿಮ್ಮಲ್ಲಿ ಯಾರಿಗಾದರೂ ಒಂದು ಸಂಜೆ ಗೇಟಿನ ಮುಂದೆ ಲಕೋಟೆ ತೋರಿಸಿ ಪೆನ್ನು ಕೊಟ್ಟರೆ, ಆ ಹೊತ್ತಿಗೆ ಈ ಮಾತು ನೆನಪಾಗಲಿ. ಕೇಳಿ: "ಇದರಲ್ಲಿ ಏನು ಬರೆದಿದೆ? ಕನ್ನಡದಲ್ಲಿ ಹೇಳಿ." ಹೇಳುವವರೆಗೆ ಪೆನ್ನು ಮುಟ್ಟಬೇಡಿ.

 ಸಿರಿಗನ್ನಡಂ ಗೆಲ್ಗೆ!